ವ್ಯಾಪಾರದಲ್ಲಿ ಇಲ್ಲದವರು ತೆರುವ ಬೆಲೆ

ಜಪಾನಿನ ಮಿನಮಾಟ ಎಂಬ ಕರಾವಳಿ ಪಟ್ಟಣದಲ್ಲಿ ಚಿಸ್ಸೊ ಕಂಪನಿಯ ರಾಸಾಯನಿಕ ಕಾರ್ಖಾನೆ ಇತ್ತು. ಪ್ಲಾಸ್ಟಿಕ್ ಉದ್ಯಮಕ್ಕೆ ಬೇಕಾದ ಅಸಿಟಾಲ್ಡಿಹೈಡ್ ಅಲ್ಲಿ ತಯಾರಾಗುತ್ತಿತ್ತು. ಅದನ್ನು ತಯಾರಿಸಲು ಪಾದರಸ ಬಳಸುತ್ತಿದ್ದರು, ತ್ಯಾಜ್ಯನೀರನ್ನು ಸಮುದ್ರಕ್ಕೆ ಬಿಡುತ್ತಿದ್ದರು. ಪಾದರಸ ಮೀನಿನ ಮೈ ಸೇರಿತು, ಮೀನಿನಿಂದ ಮೀನುಗಾರರ ಮೈ ಸೇರಿತು. ಮೊದಲು ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸತ್ತವು. 1956ರಲ್ಲಿ ನಡೆಯಲಾಗದ, ಮಾತು ತೊದಲುವ ಮಕ್ಕಳು ಆಸ್ಪತ್ರೆಗೆ ಬರತೊಡಗಿದರು. 1959ರಲ್ಲಿ ಕಾರ್ಖಾನೆಯದೇ ಆಸ್ಪತ್ರೆಯ ವೈದ್ಯರು ತ್ಯಾಜ್ಯನೀರನ್ನು ಬೆಕ್ಕಿನ ಆಹಾರದಲ್ಲಿ ಬೆರೆಸಿ ನೋಡಿದರು. ಬೆಕ್ಕಿಗೆ ಅದೇ ರೋಗ ಬಂತು. ಕಂಪನಿ ಈ ಫಲಿತಾಂಶವನ್ನು ಮುಚ್ಚಿಟ್ಟಿತು. ಪಾದರಸದ ನೀರು ನಿಂತದ್ದು 1968ರಲ್ಲಿ. ಮುಂದೆ 2,200ಕ್ಕೂ ಹೆಚ್ಚು ಜನರನ್ನು ಸರ್ಕಾರ ಈ ರೋಗಕ್ಕೆ ತುತ್ತಾದವರೆಂದು ಅಧಿಕೃತವಾಗಿ ಒಪ್ಪಿಕೊಂಡಿತು.

ಇದು ಅಪರಾಧದ ಕಥೆ ಹೌದು. ಅಷ್ಟೇ ಮಟ್ಟಿಗೆ ಬೆಲೆಯ ಕಥೆಯೂ ಹೌದು. ಕಾರ್ಖಾನೆ ಕಚ್ಚಾವಸ್ತುವಿಗೆ, ವಿದ್ಯುತ್ತಿಗೆ, ಕೂಲಿಗೆ ದುಡ್ಡು ಕೊಟ್ಟಿತು. ಆ ಖರ್ಚೆಲ್ಲ ಸರಕಿನ ಬೆಲೆಯಲ್ಲಿ ಸೇರಿತು. ಮೀನುಗಾರರ ನರಮಂಡಲಕ್ಕೆ ಆದ ಹಾನಿ ಮಾತ್ರ ಆ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ. ಹಾಗಾಗಿ ಸರಕು ನಿಜವಾಗಿ ತಗಲುವ ವೆಚ್ಚಕ್ಕಿಂತ ಅಗ್ಗವಾಗಿ ಮಾರಾಟವಾಯಿತು, ಅಗ್ಗವಾದದ್ದರಿಂದ ಹೆಚ್ಚು ಮಾರಾಟವಾಯಿತು, ಹೆಚ್ಚು ಮಾರಾಟವಾದಷ್ಟೂ ಕಡಲಿಗೆ ಹೆಚ್ಚು ಪಾದರಸ ಹರಿಯಿತು. ಮಾರಿದವರಿಗೂ ಕೊಂಡವರಿಗೂ ಲಾಭ, ಇಬ್ಬರೂ ಅಲ್ಲದವರಿಗೆ ನಷ್ಟ. ಅರ್ಥಶಾಸ್ತ್ರ ಇದನ್ನು ಬಾಹ್ಯ ಪರಿಣಾಮ ಎನ್ನುತ್ತದೆ: ಒಂದು ವ್ಯವಹಾರದ ಪರಿಣಾಮ ಆ ವ್ಯವಹಾರದಲ್ಲಿ ಪಾಲೇ ಇಲ್ಲದವರ ಮೇಲೆ ಬೀಳುವುದು, ಮತ್ತು ಆ ಪರಿಣಾಮ ಬೆಲೆಯೊಳಗೆ ಬಾರದೆ ಹೋಗುವುದು. ಕಂಪನಿ ತಾನು ತೆರುವುದು ಖಾಸಗಿ ವೆಚ್ಚ. ಅದಕ್ಕೆ ಹೊರಗಿನವರ ನಷ್ಟವನ್ನೂ ಕೂಡಿಸಿದರೆ ಸಾಮಾಜಿಕ ವೆಚ್ಚ. ಎರಡರ ನಡುವಿನ ಅಂತರವೇ ಇಡೀ ಸಮಸ್ಯೆ.

ಪೇಟೆಯ ಬೆಲೆ ಮೇಲೇರಿದ ಮಾತ್ರಕ್ಕೆ ಅದು ಬಾಹ್ಯ ಪರಿಣಾಮ ಆಗುವುದಿಲ್ಲ. ಹೊಸ ಪ್ರತಿಸ್ಪರ್ಧಿ ಬಂದು ಹಳೆಯ ಅಂಗಡಿಗೆ ಗಿರಾಕಿ ತಪ್ಪಿದರೆ ಒಬ್ಬರಿಗೆ ನೋವಾಗುತ್ತದೆ ನಿಜ, ಆದರೆ ಒಬ್ಬರು ಕಳೆದುಕೊಂಡದ್ದನ್ನು ಇನ್ನೊಬ್ಬರು ಗಳಿಸಿರುತ್ತಾರೆ. ಆ ವರ್ಗಾವಣೆ ಬೆಲೆಯ ಮೂಲಕವೇ ನಡೆದಿರುತ್ತದೆ. ಹೊಗೆ, ಗದ್ದಲ, ಸೋಂಕು, ವಾಹನ ದಟ್ಟಣೆ ಇವು ಹಾಗಲ್ಲ. ಅವು ಬೆಲೆಯನ್ನು ಸುತ್ತುಬಳಸಿ ನೇರವಾಗಿ ಇನ್ನೊಬ್ಬರ ಬದುಕಿಗೆ ತಗಲುತ್ತವೆ.

ಈ ಅಂತರವನ್ನು ಮುಚ್ಚಲು ತೆರಿಗೆ ಹಾಕಬಹುದು ಎಂಬ ವಾದವನ್ನು ಗಟ್ಟಿಯಾಗಿ ಮುಂದಿಟ್ಟವರು ಕೇಂಬ್ರಿಜ್‌ನ ಆರ್ಥರ್ ಪಿಗು, 1920ರಲ್ಲಿ. ಅವರು ಕೊಟ್ಟ ಉದಾಹರಣೆಗಳಲ್ಲಿ ರೈಲು ಎಂಜಿನ್‌ನಿಂದ ಹಾರಿದ ಕಿಡಿ ಪಕ್ಕದ ಕಾಡನ್ನು ಸುಡುವುದೂ ಒಂದು. ರೈಲು ಕಂಪನಿ ಆ ಮರಗಳಿಗೆ ದುಡ್ಡು ಕೊಡಬೇಕಿಲ್ಲದಿದ್ದರೆ ಕಿಡಿ ತಡೆಯುವ ಜಾಲರಿಗೆ ಯಾಕೆ ಖರ್ಚು ಮಾಡೀತು? ಹೊರಗಿನವರಿಗೆ ಎಷ್ಟು ನಷ್ಟವೋ ಅಷ್ಟನ್ನು ತೆರಿಗೆಯಾಗಿ ಹಾಕಿ. ಆಗ ಕಂಪನಿ ತನ್ನ ಲಾಭ ನೋಡಿಕೊಳ್ಳುತ್ತಲೇ ಸಮಾಜದ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಇದರ ನಿಜವಾದ ಬಲ ಎಲ್ಲಿದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ತೆರಿಗೆಯ ಉದ್ದೇಶ ಶಿಕ್ಷೆಯಲ್ಲ. ಮಾಲಿನ್ಯವನ್ನು ಸೊನ್ನೆಗೆ ಇಳಿಸುವುದೂ ಅಲ್ಲ. ಯಾರು, ಎಷ್ಟು, ಹೇಗೆ ಕಡಿಮೆ ಮಾಡಬೇಕು ಎಂಬುದನ್ನು ಸರ್ಕಾರ ಹೇಳಬೇಕಾಗಿಲ್ಲ. ಸುಲಭವಾಗಿ ಕಡಿಮೆ ಮಾಡಬಲ್ಲವರು ಮಾಡುತ್ತಾರೆ, ಬೇರೆ ದಾರಿಯೇ ಇಲ್ಲದವರು ತೆರಿಗೆ ಕಟ್ಟುತ್ತಾರೆ. ಐರ್ಲೆಂಡ್ 2002ರಲ್ಲಿ ಪ್ರತಿ ಪ್ಲಾಸ್ಟಿಕ್ ಚೀಲಕ್ಕೆ 15 ಸೆಂಟ್ ಸುಂಕ ಹಾಕಿತು. ಚೀಲದ ಬಳಕೆ ಶೇ. 90ಕ್ಕೂ ಹೆಚ್ಚು ಇಳಿಯಿತು. ಬಟ್ಟೆ ಚೀಲ ಒಯ್ಯುವುದು ಹೆಚ್ಚಿನವರಿಗೆ ಕಷ್ಟವಿರಲಿಲ್ಲ, ಅಷ್ಟೇ. ಸುಂಕ ಆ ಸುಲಭದ ದಾರಿಯನ್ನು ಹುಡುಕಿಸಿತು.

ಸ್ಟಾಕ್‌ಹೋಮ್‌ನ ಅನುಭವ ಇನ್ನೂ ಹೆಚ್ಚು ಕಲಿಸುತ್ತದೆ. ಅಲ್ಲಿ ಹಾನಿ ಮಾಡುವವರೂ ಅನುಭವಿಸುವವರೂ ಒಂದೇ ಗುಂಪು. ದಟ್ಟಣೆಯ ಹೊತ್ತಿನಲ್ಲಿ ರಸ್ತೆಗಿಳಿದ ಪ್ರತಿ ಕಾರು ತನ್ನ ಹಿಂದಿನ ಎಲ್ಲ ಕಾರುಗಳನ್ನೂ ಸ್ವಲ್ಪ ಸ್ವಲ್ಪ ತಡಮಾಡುತ್ತದೆ. ಚಾಲಕ ತನ್ನ ಸಮಯವನ್ನು ಲೆಕ್ಕ ಹಾಕುತ್ತಾನೆ, ಹಿಂದಿನವರ ಸಮಯವನ್ನಲ್ಲ. 2006ರ ಜನವರಿಯಿಂದ ಜುಲೈವರೆಗೆ ನಗರಕೇಂದ್ರಕ್ಕೆ ಬರುವ, ಹೋಗುವ ವಾಹನಗಳಿಗೆ ಪ್ರಾಯೋಗಿಕವಾಗಿ ಶುಲ್ಕ ಹಾಕಿದರು. ಗಡಿ ದಾಟುವ ವಾಹನಗಳು ಸುಮಾರು ಐದನೇ ಒಂದು ಪಾಲು ಕಡಿಮೆಯಾದವು. ಆದರೆ ಕಾಯುವ ಸಮಯ ಅದಕ್ಕಿಂತ ಎಷ್ಟೋ ಹೆಚ್ಚು ಇಳಿಯಿತು. ತುಂಬಿದ ರಸ್ತೆಯ ಸ್ವಭಾವವೇ ಹಾಗೆ: ಕೊನೆಗೆ ಬಂದು ಸೇರುವ ಕೆಲವು ವಾಹನಗಳೇ ಇಡೀ ಸಾಲನ್ನು ನಿಲ್ಲಿಸುತ್ತವೆ, ಅವನ್ನು ತೆಗೆದರೆ ಉಳಿದವು ಹರಿಯುತ್ತವೆ. ಶುಲ್ಕ ಬರುವ ಮೊದಲು ನಗರದ ಬಹುಪಾಲು ಜನ ಅದನ್ನು ವಿರೋಧಿಸಿದ್ದರು. ಫಲ ಕಣ್ಣಾರೆ ಕಂಡ ಮೇಲೆ ಅದೇ ವರ್ಷ ಜನಮತದಲ್ಲಿ ನಗರ ಅದನ್ನು ಒಪ್ಪಿತು, 2007ರಲ್ಲಿ ಶುಲ್ಕ ಕಾಯಂ ಆಯಿತು. ಬಾಹ್ಯ ಪರಿಣಾಮದ ನೀತಿಗಳಿಗೆ ಮತ ಸಿಗುವುದಿಲ್ಲ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಮೊದಲು ಕೆಲವು ತಿಂಗಳು ಮಾಡಿ ತೋರಿಸಿ, ಆಮೇಲೆ ಕೇಳಿ.

ಪಿಗು ಅವರ ದಾರಿಯನ್ನು ಬುಡದಿಂದಲೇ ಪ್ರಶ್ನಿಸಿದವರು ರೊನಾಲ್ಡ್ ಕೋಸ್. 1960ರ ಪ್ರಬಂಧದಲ್ಲಿ ಅವರು 1879ರ ಒಂದು ಲಂಡನ್ ಮೊಕದ್ದಮೆಯನ್ನು ಎತ್ತಿಕೊಂಡರು. ಒಬ್ಬ ಮಿಠಾಯಿ ತಯಾರಕ ಹಲವು ವರ್ಷಗಳಿಂದ ತನ್ನ ಅಡುಗೆಮನೆಯಲ್ಲಿ ದೊಡ್ಡ ಒರಳುಗಳಲ್ಲಿ ಕುಟ್ಟುತ್ತಿದ್ದ. ಪಕ್ಕದ ವೈದ್ಯರು ಹಿತ್ತಿಲ ತುದಿಯಲ್ಲಿ, ಆ ಅಡುಗೆಮನೆಗೆ ತಾಗಿಕೊಂಡೇ, ಹೊಸದಾಗಿ ಸಲಹಾ ಕೊಠಡಿ ಕಟ್ಟಿಸಿಕೊಂಡರು. ಕುಟ್ಟುವ ಸದ್ದಿನಲ್ಲಿ ರೋಗಿಯ ಎದೆಬಡಿತ ಕೇಳುವುದೂ ಕಷ್ಟವಾಯಿತು. ನ್ಯಾಯಾಲಯ ವೈದ್ಯರ ಪರ ತೀರ್ಪು ಕೊಟ್ಟಿತು. ಕೋಸ್ ಕೇಳಿದ್ದು: ಹಾನಿ ಮಾಡಿದವರು ಯಾರು? ಕುಟ್ಟುವುದನ್ನು ನಿಲ್ಲಿಸಿದರೆ ಮಿಠಾಯಿಯವನಿಗೆ ನಷ್ಟ, ಮುಂದುವರಿಸಿದರೆ ವೈದ್ಯರಿಗೆ ನಷ್ಟ. ಹಾನಿ ಎರಡೂ ಕಡೆಯಿಂದ ಇದೆ. ಮಾತುಕತೆಗೆ ಖರ್ಚಿಲ್ಲದಿದ್ದರೆ ತೀರ್ಪು ಯಾರ ಪರ ಬಂದರೂ ಕೊನೆಯ ಫಲಿತಾಂಶ ಒಂದೇ ಆಗುತ್ತಿತ್ತು. ಕುಟ್ಟುವುದರಿಂದ ಬರುವ ಲಾಭ ವೈದ್ಯರ ನಷ್ಟಕ್ಕಿಂತ ಹೆಚ್ಚಿದ್ದರೆ, ತೀರ್ಪು ವೈದ್ಯರ ಪರ ಬಂದಿದ್ದರೂ ಮಿಠಾಯಿಯವನು ಹಣ ಕೊಟ್ಟು ಒಪ್ಪಿಸುತ್ತಿದ್ದ. ಕಡಿಮೆಯಿದ್ದರೆ, ತೀರ್ಪು ಮಿಠಾಯಿಯವನ ಪರ ಬಂದಿದ್ದರೂ ವೈದ್ಯರೇ ಹಣ ಕೊಟ್ಟು ನಿಲ್ಲಿಸುತ್ತಿದ್ದರು. ಹಕ್ಕು ಯಾರದ್ದು ಎಂಬುದು ಸ್ಪಷ್ಟವಿದ್ದರೆ ಸಾಕು, ತೆರಿಗೆ ಬೇಕಿಲ್ಲ.

ಇದು ಕಾಗದದ ಮೇಲಿನ ವಾದ ಮಾತ್ರವಲ್ಲ. ಜೇನುನೊಣ ಮತ್ತು ಸೇಬುತೋಟದ ಉದಾಹರಣೆಯನ್ನು ಜೇಮ್ಸ್ ಮೀಡ್ 1952ರಲ್ಲಿ ಬಳಸಿದ್ದರು. ತೋಟ ಮತ್ತು ಜೇನುಗೂಡು ಒಂದಕ್ಕೊಂದು ಪುಕ್ಕಟೆ ಉಪಕಾರ ಮಾಡುತ್ತವೆ, ಮಾರುಕಟ್ಟೆ ಇದಕ್ಕೆ ಬೆಲೆ ಕಟ್ಟಲಾರದು ಎಂಬುದು ಅವರ ತರ್ಕ. 1973ರಲ್ಲಿ ಸ್ಟೀವನ್ ಚುಂಗ್ ಅಮೆರಿಕದ ವಾಷಿಂಗ್ಟನ್ ರಾಜ್ಯದ ತೋಟಗಳಿಗೆ ಹೋಗಿ ನೋಡಿದರೆ, ರೈತರು ಮತ್ತು ಜೇನು ಸಾಕುವವರು ಬಹಳ ಹಿಂದಿನಿಂದಲೂ ಲಿಖಿತವಾಗಿಯೂ ಬಾಯಿಮಾತಿನಲ್ಲೂ ಒಪ್ಪಂದ ಮಾಡಿಕೊಂಡು ಪರಾಗಸ್ಪರ್ಶಕ್ಕೆ ಬಾಡಿಗೆ ಕೊಡುತ್ತಿದ್ದರು.

ಆದರೆ ಕೋಸ್ ಅವರ ಹೆಸರು ಹೇಳಿ ಸರ್ಕಾರ ಎಲ್ಲೂ ಕೈಹಾಕಬಾರದು ಎಂದು ವಾದಿಸುವುದು ಅವರಿಗೇ ಅನ್ಯಾಯ. ಅವರು ಒತ್ತಿ ಹೇಳಿದ್ದು ಇದರ ಇನ್ನೊಂದು ಮಗ್ಗುಲನ್ನು: ನಿಜವಾದ ಜಗತ್ತಿನಲ್ಲಿ ಮಾತುಕತೆಗೆ ಖರ್ಚಿದೆ. ಇಬ್ಬರು ನೆರೆಯವರು ಕೂತು ಮಾತಾಡಬಹುದು. ಸಾವಿರಾರು ಮೀನುಗಾರರು ಒಂದು ಕಂಪನಿಯ ಜೊತೆ ಹೇಗೆ ಚೌಕಾಸಿ ಮಾಡುತ್ತಾರೆ? ರೋಗಕ್ಕೆ ಕಾರಣವೇ ಗೊತ್ತಿಲ್ಲದಾಗ, ಗೊತ್ತಿದ್ದವರು ಮುಚ್ಚಿಟ್ಟಾಗ, ಚೌಕಾಸಿ ಶುರುವಾಗುವುದಾದರೂ ಹೇಗೆ? ಇನ್ನೂ ಒಂದು ಮಾತಿದೆ. ಫಲಿತಾಂಶ ಒಂದೇ ಆದರೂ ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂಬುದು ಒಂದೇ ಅಲ್ಲ. ವಿಷ ಕುಡಿಯದಿರಲು ಬಡವರು ಹಣ ಕೊಡಬೇಕೆ, ವಿಷ ಬಿಡಲು ಕಂಪನಿ ಹಣ ಕೊಡಬೇಕೆ ಎಂಬುದು ದಕ್ಷತೆಯ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ.

ಪಿಗು ಮತ್ತು ಕೋಸ್ ಇಬ್ಬರ ಆಲೋಚನೆಯೂ ಕೂಡಿಬಂದ ಜಾಗವೆಂದರೆ ಮಾಲಿನ್ಯ ಪರವಾನಗಿಗಳ ಮಾರುಕಟ್ಟೆ. ಅಮೆರಿಕದ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಂದ ಹೊರಬರುವ ಗಂಧಕದ ಡೈಆಕ್ಸೈಡ್ ದೂರದ ರಾಜ್ಯಗಳ ಮೇಲೆ ಆಮ್ಲಮಳೆಯಾಗಿ ಸುರಿಯುತ್ತಿತ್ತು. 1990ರ ಕಾನೂನು ವಾರ್ಷಿಕ ಹೊರಸೂಸುವಿಕೆಯನ್ನು 1980ರ ಮಟ್ಟಕ್ಕಿಂತ ಒಂದು ಕೋಟಿ ಟನ್ ಇಳಿಸುವ ಗುರಿ ಇಟ್ಟಿತು. ಒಟ್ಟು ಮಿತಿ ಗೊತ್ತುಮಾಡಿ, ಒಂದು ಟನ್ನಿಗೆ ಒಂದರಂತೆ ಪರವಾನಗಿ ಹಂಚಿ, ಅವನ್ನು ಕೊಂಡುಮಾರಲು ಬಿಟ್ಟರು. 1995ರಲ್ಲಿ ಇದು ಜಾರಿಗೆ ಬಂತು.

ಇದರ ಲೆಕ್ಕವನ್ನು ಹತ್ತಿರದಿಂದ ನೋಡಿ. ಎರಡು ಸ್ಥಾವರಗಳಿವೆ ಎಂದುಕೊಳ್ಳೋಣ. ಒಂದಕ್ಕೆ ಒಂದು ಟನ್ ಕಡಿಮೆ ಮಾಡಲು 200 ಡಾಲರ್ ತಗಲುತ್ತದೆ, ಇನ್ನೊಂದಕ್ಕೆ 600. ಇಬ್ಬರೂ ತಲಾ 1,000 ಟನ್ ಕಡಿಮೆ ಮಾಡಿ ಎಂದು ಸರ್ಕಾರ ಆಜ್ಞೆ ಹೊರಡಿಸಿದರೆ ಒಟ್ಟು ಖರ್ಚು 2 ಲಕ್ಷ ಮತ್ತು 6 ಲಕ್ಷ, ಅಂದರೆ 8 ಲಕ್ಷ ಡಾಲರ್. ಪರವಾನಗಿ ಮಾರಬಹುದು ಎಂದರೆ ಮೊದಲನೆಯದು 2,000 ಟನ್ ಕಡಿಮೆ ಮಾಡಿ, ಉಳಿದ ಪರವಾನಗಿಗಳನ್ನು ಎರಡನೆಯದಕ್ಕೆ 400 ಡಾಲರಿನಂತೆ ಮಾರುತ್ತದೆ. ಗಾಳಿಗೆ ಸೇರದೆ ಉಳಿದ ಗಂಧಕ ಅಷ್ಟೇ, 2,000 ಟನ್. ಒಟ್ಟು ಖರ್ಚು 4 ಲಕ್ಷಕ್ಕೆ ಇಳಿಯಿತು. ಮಾರಿದವರಿಗೆ ಟನ್ನಿಗೆ 200 ಡಾಲರ್ ಲಾಭ, ಕೊಂಡವರಿಗೆ 200 ಡಾಲರ್ ಉಳಿತಾಯ. ಯಾರ ಖರ್ಚು ಎಷ್ಟು ಎಂಬುದು ಸರ್ಕಾರಕ್ಕೆ ಗೊತ್ತಿರಬೇಕಾದ ಅಗತ್ಯವೂ ಇಲ್ಲ.

ವಾಸ್ತವದಲ್ಲಿ ಮೊದಲು ಅಂದಾಜಿಸಿದ್ದಕ್ಕಿಂತ ಕಡಿಮೆ ಖರ್ಚಿನಲ್ಲಿ ಗುರಿ ಮುಟ್ಟಿತು. ಪೂರ್ತಿ ಶ್ರೇಯಸ್ಸು ಮಾರುಕಟ್ಟೆಗೆ ಸಲ್ಲುವುದಿಲ್ಲ. 1980ರಲ್ಲಿ ರೈಲು ಸಾಗಣೆಯ ಮೇಲಿನ ನಿಯಂತ್ರಣ ಸಡಿಲಿಸಿದ್ದರಿಂದ ವಯೋಮಿಂಗ್‌ನ ಕಡಿಮೆ ಗಂಧಕದ ಕಲ್ಲಿದ್ದಲು ದೂರದ ಸ್ಥಾವರಗಳಿಗೂ ಅಗ್ಗವಾಗಿ ಸಿಗತೊಡಗಿತ್ತು. ಆದರೆ ಆಜ್ಞೆಯ ಬದಲು ಬೆಲೆ ಇದ್ದುದರಿಂದಲೇ ಸ್ಥಾವರಗಳು ಆ ಅವಕಾಶವನ್ನು ಬಳಸಿಕೊಳ್ಳಲು ಸ್ವತಂತ್ರವಾಗಿದ್ದವು. ಇನ್ನೊಂದು ಕಾರಣ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ, ನನ್ನ ಮಟ್ಟಿಗೆ ಅದೇ ಮುಖ್ಯ: ಚಿಮಣಿಗಳಲ್ಲಿ ಸದಾ ಅಳೆಯುವ ಯಂತ್ರಗಳನ್ನು ಕಡ್ಡಾಯ ಮಾಡಿದ್ದರು. ಅಳತೆಯಿಲ್ಲದೆ ಪರವಾನಗಿ ಬರೀ ಕಾಗದ. ಗುಜರಾತಿನ ಸೂರತ್‌ನಲ್ಲಿ 2019ರಲ್ಲಿ ಶುರುವಾದ ದೂಳುಕಣ ಹೊರಸೂಸುವ ಪರವಾನಗಿಗಳ ಮಾರುಕಟ್ಟೆಯೂ ನಿಂತಿರುವುದು ಚಿಮಣಿಯಲ್ಲಿ ನಿರಂತರವಾಗಿ ಅಳೆಯುವ ವ್ಯವಸ್ಥೆಯ ಮೇಲೆ. ಕಲ್ಲಿದ್ದಲು ಸುಡುವ ಸುಮಾರು 300 ಕಾರ್ಖಾನೆಗಳನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗದಲ್ಲಿ, ಮಾರುಕಟ್ಟೆಗೆ ಸೇರಿದ ಗುಂಪಿನ ಮಾಲಿನ್ಯ ಶೇ. 20ರಿಂದ 30ರಷ್ಟು ಕಡಿಮೆಯಾಯಿತು.

ಎಡವಿದ್ದೂ ಇದೆ. ಐರೋಪ್ಯ ಒಕ್ಕೂಟ 2005ರಲ್ಲಿ ಇಂಗಾಲದ ಮಾರುಕಟ್ಟೆ ತೆರೆದಾಗ ಮೊದಲ ಹಂತದಲ್ಲಿ ಅಗತ್ಯಕ್ಕಿಂತ ಹೆಚ್ಚು ಪರವಾನಗಿ ಹಂಚಿತು. ಅವನ್ನು ಮುಂದಿನ ಹಂತಕ್ಕೆ ಉಳಿಸಿಕೊಳ್ಳುವಂತೆಯೂ ಇರಲಿಲ್ಲ. 2007ರ ಹೊತ್ತಿಗೆ ಬೆಲೆ ಸೊನ್ನೆಯ ಹತ್ತಿರಕ್ಕೆ ಕುಸಿಯಿತು.

ನೇರ ನಿಷೇಧ, ನಿಯಮಗಳನ್ನು ಅರ್ಥಶಾಸ್ತ್ರಜ್ಞರು ಹಗುರವಾಗಿ ಕಾಣುವುದುಂಟು. ಅದು ಸರಿಯಲ್ಲ. ಪೆಟ್ರೋಲಿಗೆ ಸೀಸ ಬೆರೆಸುವುದು 1920ರ ದಶಕದಲ್ಲಿ ಶುರುವಾಯಿತು. ಸೀಸ ಎಷ್ಟು ಕಡಿಮೆ ಇದ್ದರೂ ಮಕ್ಕಳ ಮಿದುಳಿಗೆ ಹಾನಿ, ಬದಲಿ ದಾರಿಗಳು ಕೈಗೆಟಕುವ ಬೆಲೆಯಲ್ಲೇ ಇವೆ. ಇಂಥ ಕಡೆ ಸರಿಯಾದ ತೆರಿಗೆ ಎಷ್ಟು ಎಂದು ಲೆಕ್ಕ ಹಾಕುತ್ತ ಕೂರುವುದಕ್ಕಿಂತ ನಿಷೇಧವೇ ಲೇಸು. ಕೊನೆಯದಾಗಿ ಅಲ್ಜೀರಿಯಾ 2021ರಲ್ಲಿ ಕಾರುಗಳಿಗೆ ಸೀಸದ ಪೆಟ್ರೋಲ್ ಮಾರುವುದನ್ನು ನಿಲ್ಲಿಸುವುದರೊಂದಿಗೆ ಅದು ಜಗತ್ತಿನ ರಸ್ತೆಗಳಿಂದಲೇ ಹೋಯಿತು. ಹಾನಿ ಒಂದು ಮಿತಿ ದಾಟಿದೊಡನೆ ಕಡಿದಾಗಿ ಏರುವಂತಿದ್ದರೆ ಪ್ರಮಾಣವನ್ನೇ ಕಟ್ಟಿಹಾಕಬೇಕು, ಕಡಿಮೆ ಮಾಡುವ ಖರ್ಚು ಕಡಿದಾಗಿ ಏರುವಂತಿದ್ದರೆ ಬೆಲೆ ಹಾಕಬೇಕು ಎಂದು ಮಾರ್ಟಿನ್ ವೈಟ್ಸ್‌ಮನ್ 1974ರಲ್ಲೇ ತೋರಿಸಿದ್ದರು.

ನಿಯಮ ಸೋಲುವುದು ಜನ ಅದಕ್ಕೆ ಹೇಗೆ ಸ್ಪಂದಿಸುತ್ತಾರೆ ಎಂಬುದನ್ನು ಮರೆತಾಗ. ಮೆಕ್ಸಿಕೊ ಸಿಟಿ 1989ರಲ್ಲಿ ನಂಬರ್ ಪ್ಲೇಟಿನ ಕೊನೆಯ ಅಂಕಿಯ ಪ್ರಕಾರ ಪ್ರತಿ ಕಾರನ್ನೂ ವಾರಕ್ಕೊಂದು ದಿನ ರಸ್ತೆಗೆ ತರಬಾರದು ಎಂದಿತು. ಅನೇಕರು ಬೇರೆ ನಂಬರಿನ ಇನ್ನೊಂದು ಹಳೆಯ ಕಾರು ಕೊಂಡರು. ಹಳೆಯ ಕಾರು ಹೆಚ್ಚು ಹೊಗೆ ಉಗುಳುತ್ತದೆ. 2008ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಗಾಳಿ ಸುಧಾರಿಸಿದ್ದರ ಕುರುಹೇ ಸಿಗಲಿಲ್ಲ.

ಈವರೆಗೆ ಹೇಳಿದ್ದು ಬಹುಪಾಲು ಹಾನಿಯ ಮಾತು. ಹೊರಗಿನವರಿಗೆ ಒಳಿತಾಗುವ ವ್ಯವಹಾರಗಳೂ ಇವೆ, ಅಲ್ಲಿ ಸಮಸ್ಯೆ ತಲೆಕೆಳಗು: ಬೇಕಾದಷ್ಟು ನಡೆಯುವುದೇ ಇಲ್ಲ. ದಡಾರ ಬಂದ ಒಬ್ಬರಿಂದ, ಯಾರಿಗೂ ರೋಗನಿರೋಧ ಶಕ್ತಿ ಇಲ್ಲದಿದ್ದರೆ, 12ರಿಂದ 18 ಜನರಿಗೆ ಹರಡಬಲ್ಲದು. ಸುಮಾರು ಶೇ. 95 ಜನ ಲಸಿಕೆ ಪಡೆದರೆ ಸರಪಳಿ ಮುರಿದು, ಲಸಿಕೆ ಪಡೆಯಲಾಗದ ಎಳೆಗೂಸಿಗೂ ರಕ್ಷಣೆ ಸಿಗುತ್ತದೆ. ಲಸಿಕೆಗೆ ಹೋಗುವ ತಾಯಿ ತನ್ನ ಮಗುವಿನ ಲಾಭ ನೋಡಿ ನಿರ್ಧರಿಸುತ್ತಾಳೆ, ಪಕ್ಕದ ಕೂಸಿನದ್ದನ್ನಲ್ಲ. ಕೆನ್ಯಾದಲ್ಲಿ ಮೈಕೆಲ್ ಕ್ರೆಮರ್ ಮತ್ತು ಎಡ್ವರ್ಡ್ ಮಿಗೆಲ್ ಶಾಲಾ ಮಕ್ಕಳ ಜಂತುಹುಳು ಮಾತ್ರೆಯ ಮೇಲೆ ಅಧ್ಯಯನ ನಡೆಸಿದಾಗ, ಅದೇ ಶಾಲೆಯ ಮಾತ್ರೆ ನುಂಗದ ಮಕ್ಕಳಲ್ಲೂ ಸೋಂಕು ಇಳಿದಿತ್ತು. ಪುಕ್ಕಟೆ ಕೊಟ್ಟಾಗ ಸುಮಾರು ನಾಲ್ಕರಲ್ಲಿ ಮೂರು ಪಾಲು ಮಕ್ಕಳು ಮಾತ್ರೆ ನುಂಗುತ್ತಿದ್ದರು. ಸಣ್ಣ ಶುಲ್ಕ ಹಾಕಿದೊಡನೆ ಅದು ಐದರಲ್ಲಿ ಒಂದು ಪಾಲಿಗಿಂತಲೂ ಕೆಳಗಿಳಿಯಿತು. ಪುಕ್ಕಟೆ ಕೊಟ್ಟರೆ ಜನಕ್ಕೆ ಬೆಲೆ ಗೊತ್ತಾಗುವುದಿಲ್ಲ ಎಂಬ ಮಾತು ಇಲ್ಲಿ ಸಲ್ಲದು. ಲಾಭದ ದೊಡ್ಡ ಪಾಲು ಬೇರೆಯವರಿಗೆ ಹೋಗುವಾಗ ಖರ್ಚನ್ನೂ ಬೇರೆಯವರು, ಅಂದರೆ ಸಾರ್ವಜನಿಕ ಬೊಕ್ಕಸ, ಹೊರುವುದೇ ಸರಿ. ಮೂಲ ವಿಜ್ಞಾನದ ಸಂಶೋಧನೆಗೆ ಸರ್ಕಾರ ಹಣ ಕೊಡುವುದೂ ಇದೇ ಕಾರಣಕ್ಕೆ.

ಇಷ್ಟೆಲ್ಲ ತಿಳಿದಿದ್ದೂ ಹವಾಮಾನ ಬದಲಾವಣೆಯ ವಿಷಯದಲ್ಲಿ ನಾವು ಯಾಕೆ ತಡವರಿಸುತ್ತಿದ್ದೇವೆ? ಉಪಾಯ ಗೊತ್ತಿಲ್ಲದೆ ಅಲ್ಲ. ಸ್ವೀಡನ್ 1991ರಿಂದ ಇಂಗಾಲ ತೆರಿಗೆ ಹಾಕುತ್ತಿದೆ. ತೊಡಕಿರುವುದು ಹೊರೆ ಯಾರ ಮೇಲೆ ಎಂಬಲ್ಲಿ. 2018ರಲ್ಲಿ ಫ್ರಾನ್ಸ್ ಇಂಧನ ತೆರಿಗೆ ಏರಿಸಲು ಹೊರಟಾಗ, ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದ ಊರುಗಳ ಜನ ಹಳದಿ ಜಾಕೆಟ್ ತೊಟ್ಟು ಬೀದಿಗಿಳಿದರು. ಸರ್ಕಾರ ಏರಿಕೆಯನ್ನು ಕೈಬಿಟ್ಟಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಇಂಗಾಲ ತೆರಿಗೆಯನ್ನು 2008ರಲ್ಲಿ ಟನ್ನಿಗೆ 10 ಡಾಲರಿನಿಂದ ಶುರುಮಾಡಿ 2012ಕ್ಕೆ 30ಕ್ಕೆ ಏರಿಸಿತು. ಬಂದ ಹಣವನ್ನು ಬೇರೆ ತೆರಿಗೆಗಳ ಇಳಿಕೆಯಾಗಿ, ಬಡವರಿಗೆ ನೇರ ಪಾವತಿಯಾಗಿ ಹಿಂದಿರುಗಿಸಿದ್ದರಿಂದ ಅಲ್ಲಿ ಅದು ವರ್ಷಗಟ್ಟಲೆ ನಿಂತಿತು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಅಲ್ಲೂ ಬಳಕೆದಾರರ ಮೇಲಿನ ಇಂಗಾಲ ತೆರಿಗೆ ಹೋಯಿತು. ಒಳ್ಳೆಯ ವಿನ್ಯಾಸ ರಾಜಕೀಯದ ಕಾವಿನೆದುರು ಒಂದಷ್ಟು ಸಮಯ ಗಳಿಸಿಕೊಡಬಲ್ಲದು, ಖಾಯಂ ರಕ್ಷಣೆ ಕೊಡಲಾರದು.

ಇನ್ನೊಂದು ತೊಡಕು ತೆರಿಗೆಯ ಮೊತ್ತದ್ದು. ಒಂದು ಟನ್ ಇಂಗಾಲದ ಡೈಆಕ್ಸೈಡ್‌ನಿಂದ ಆಗುವ ಹಾನಿ ಎಷ್ಟು? ಅಮೆರಿಕದಲ್ಲಿ ಟ್ರಂಪ್ ಅವರ ಮೊದಲ ಆಡಳಿತ 1ರಿಂದ 7 ಡಾಲರ್ ಎಂದಿತು. 2023ರಲ್ಲಿ ಅದೇ ದೇಶದ ಪರಿಸರ ಸಂರಕ್ಷಣಾ ಸಂಸ್ಥೆ 190 ಡಾಲರ್ ಎಂದಿತು. ಭೌತಶಾಸ್ತ್ರ ಅಷ್ಟರಲ್ಲಿ ಬದಲಾಗಿರಲಿಲ್ಲ. ಮೊದಲ ಲೆಕ್ಕ ಅಮೆರಿಕದೊಳಗಿನ ಹಾನಿಯನ್ನು ಮಾತ್ರ ಹಿಡಿಯಿತು, ಎರಡನೆಯದು ಇಡೀ ಜಗತ್ತಿನದನ್ನು. ಮತ್ತು ಮುಂದಿನ ಕಾಲದ ಹಾನಿಯನ್ನು ಇಂದಿನ ಬೆಲೆಗೆ ಇಳಿಸುವ ವಟಾವು ದರ ಮೊದಲ ಲೆಕ್ಕದಲ್ಲಿ ಶೇ. 3 ಮತ್ತು 7 ಇತ್ತು, ಎರಡನೆಯದರಲ್ಲಿ ಸುಮಾರು ಶೇ. 2. ನೂರು ವರ್ಷ ಬಿಟ್ಟು ಆಗುವ 100 ಡಾಲರ್ ನಷ್ಟ ಶೇ. 2ರ ದರದಲ್ಲಿ ಇಂದಿಗೆ ಸುಮಾರು 14 ಡಾಲರ್. ಶೇ. 7ರ ದರದಲ್ಲಿ ಸುಮಾರು 12 ಸೆಂಟ್. ಮಿನಮಾಟದ ಮೀನುಗಾರರು ಕಡೇಪಕ್ಷ ನ್ಯಾಯಾಲಯಕ್ಕೆ ಹೋದರು, 1973ರಲ್ಲಿ ತೀರ್ಪು ಪಡೆದರು. ನೂರು ವರ್ಷದ ಮುಂದಿನವರು ಯಾವ ನ್ಯಾಯಾಲಯಕ್ಕೂ ಬರಲಾರರು, ಅವರ ಪಾಲು ಪೂರ್ತಿ ಈ ಒಂದು ದರದ ಮೇಲೆ ನಿಂತಿದೆ. ಅದಕ್ಕೇ ಕಡಿಮೆ ದರವೇ ನ್ಯಾಯ ಎಂದು ನಾನು ನಂಬುತ್ತೇನೆ. 2025ರ ಜನವರಿಯಲ್ಲಿ ಟ್ರಂಪ್ ಮತ್ತೆ ಅಧಿಕಾರಕ್ಕೆ ಬಂದ ಮೊದಲ ದಿನವೇ, ಈ ಲೆಕ್ಕಕ್ಕಾಗಿ ಇದ್ದ ಅಂತರ್‌ಇಲಾಖಾ ಗುಂಪನ್ನು ವಿಸರ್ಜಿಸುವ ಆದೇಶಕ್ಕೆ ಸಹಿ ಹಾಕಿದರು.